ನಮ್ಮತ್ತೆ ಶರಣಮ್ಮ ಮತ್ತು ಎರಡು ಡಬ್ಬಿಗಳು

ನಮ್ಮತ್ತೆ ಶರಣಮ್ಮನವರನ್ನು ತಿಳಿಯಬೇಕಾದರೆ ಮೊದಲು ಅವರ ಮನೆಯ ಗೋಡೆ ನೋಡಬೇಕು. ಮಾನ್ವಿಯ ಹಳೇ ಊರಿನಲ್ಲಿ ನಮ್ಮದು ಕಲ್ಲುಮಣ್ಣಿನ ಮಾಳಿಗೆ ಮನೆ. ಗೋಡೆ ಎಂದರೆ ಅಂಥಿಂಥ ಗೋಡೆಯಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಅಕ್ಕಿ ಆರಿಸಬಹುದು, ಅಷ್ಟು ದಪ್ಪ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಒಂದು ಕೋಣೆ. ಎಂಥ ಬೇಸಿಗೆಯಲ್ಲೂ ಆ ಹಿಂದಿನ ಕೋಣೆ ತಣ್ಣಗಿರುತ್ತದೆ. ಆದರೆ ಫೋನ್ ಹಿಡಿದು ಒಳಗೆ ಹೋದರೆ ಹಲೋ ಅನ್ನುವಷ್ಟರಲ್ಲಿ ಕರೆ ಕಟ್.

ನಾನು ಗೊಣಗಿದರೆ ಅತ್ತೆಯ ಬಳಿ ಉತ್ತರ ಸಿದ್ಧವಿರುತ್ತಿತ್ತು. "ನಿಮ್ಮ ಮಾವನ ಅಜ್ಜ ಕಳ್ಳರು ಬರಬಾರ್ದಂತ ಕಟ್ಟಿಸ್ಯಾನ ಬೇ ಇದನ್ನ. ಫೋನ್ ಬರ್ಲಿ ಅಂತಲ್ಲ."

ನಾನು ಸುನಂದಾ, ರಾಯಚೂರಿನವಳು. ಮದುವೆಗೆ ಮುಂಚೆ ಅಲ್ಲೊಂದು ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುತ್ತಿದ್ದೆ. ಮದುವೆಯಾಯಿತು, ಮಕ್ಕಳಾದವು, ಕೆಲಸ ಅಲ್ಲಿಗೇ ನಿಂತಿತು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಕ್ಕಿತು. ಊರೂರಿನಿಂದ ರೋಗಿಗಳ ಕಡೆಯವರು ಫೋನ್ ಮಾಡುತ್ತಾರೆ. ಕನ್ನಡವೋ ತೆಲುಗೋ, ಅವರ ಮಾತಿನಲ್ಲೇ ಮಾತಾಡಿ ಡಾಕ್ಟರ ಸಮಯ ಗೊತ್ತು ಮಾಡಿಕೊಡಬೇಕು. ಮೊದಲ ತಿಂಗಳು ಪರೀಕ್ಷೆಯ ತಿಂಗಳು. ಸದ್ದಿಲ್ಲದ ಕೋಣೆ ಇರಬೇಕು, ಬ್ರಾಡ್‌ಬ್ಯಾಂಡ್ ಇರಬೇಕು, ಕರೆ ತುಂಡಾಗಬಾರದು. ಸದ್ದಿಲ್ಲದ ಕೋಣೆ ಎಂದರೆ ನಮ್ಮಲ್ಲಿ ಹಿಂದಿನದೊಂದೇ. ಪಡಸಾಲೆಯಲ್ಲಿ ಟಿವಿ, ಬಂದವರು ಹೋದವರು, ಇವರೆಲ್ಲರಿಗಿಂತ ಜೋರಾಗಿ ಅತ್ತೆ.

ಹಳೆಯ ಕನೆಕ್ಷನ್ ಪಡಸಾಲೆಯಲ್ಲೇ ಕುಂಟುತ್ತಿತ್ತು. ಅದನ್ನು ಬಿಡಿಸಿ, ಊರಿಗೆ ಹೊಸದಾಗಿ ಬಂದ ಕಂಪನಿಯ ಫೈಬರ್ ಹಾಕಿಸಿದೆವು. ರಾಯಚೂರಿನಿಂದ ಬೈಕಿನಲ್ಲಿ ಬಂದ ಕಂಪನಿಯ ಹುಡುಗ ಮುಷರ್ರಫ್ ಗೋಡೆಯನ್ನು ಒಮ್ಮೆ ತಟ್ಟಿ ನೋಡಿದ.

"ಅಕ್ಕಾ, ಈ ಗೋಡಿಗೆ ಒಂದು ವೈಫೈ ಡಬ್ಬಿ ಸಾಲಂಗಿಲ್ಲ. ಮೆಶ್ ಹಾಕಬೇಕು. ಪಡಸಾಲ್ಯಾಗ ಒಂದು, ನಡುಮನ್ಯಾಗ ಒಂದು. ಮುಂದಿನ ಡಬ್ಬಿ ಹೇಳಿದ್ದನ್ನ ನಡುವಿಂದು ಕೇಳಿಸ್ಕೊಂಡು ಹಿಂದಿನ ಕೋಣಿಗೆ ಮುಟ್ಟಸ್ತದ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ಅಂದ್ರ ನಾ ಹೇಳಿದ್ದನ್ನ ನಮ್ಮ ಕೊಟ್ರೇಶ ಈಕಿಗೆ ಮುಟ್ಟಿಸಿದಂಗ, ಹೌದಿಲ್ಲೋ?"

"ಹೌದು ಅವ್ವಾ, ಹಂಗ."

"ಹಂಗಾದ್ರ ಆಗಂಗಿಲ್ಲ ಬಿಡು. ಅವ ಅರ್ಧ ಮರೀತಾನ."

ಕೊಟ್ರೇಶ ನನ್ನ ಗಂಡ, ಸಿರವಾರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಲ್ಲೇ ನಿಂತಿದ್ದರು ಪಾಪ, ನಕ್ಕರು.

ಮುಷರ್ರಫ್ ನಡುಮನೆಯ ಗೋಡೆಗೆ ಒತ್ತಿ ಒಂದು ಸ್ಟೂಲು ಹಾಕಿ, ಅದರ ಮೇಲೆ ಎರಡನೇ ಡಬ್ಬಿ ಇಟ್ಟ. ನಾನು ಹಿಂದಿನ ಕೋಣೆಯಿಂದ ನಮ್ಮವ್ವನಿಗೆ ವಿಡಿಯೊ ಕರೆ ಮಾಡಿದೆ. ಅವಳ ಮೂಗುಬೊಟ್ಟಿನ ಹರಳು ಕೂಡ ಕಂಡಿತು. ಹೋಗುವ ಮುನ್ನ ಮುಷರ್ರಫ್ ಹೇಳಿದ, "ಈ ಡಬ್ಬಿ ಯಾರೂ ಕದಲಿಸಬ್ಯಾಡ್ರಿ." ಆ ಮಾತನ್ನು ಅತ್ತೆ ಅಪ್ಪಣೆ ಎಂದೇ ಹಿಡಿದುಕೊಂಡರು. ಕಸ ಹೊಡೆಯುವಾಗಲೂ ಸ್ಟೂಲು ಬಿಟ್ಟು ಸುತ್ತ ಹೊಡೆಯುವರು. ಮಕ್ಕಳು ಹತ್ತಿರ ಸುಳಿದರೆ, "ಲೇ, ದೂರ ಸರೀರಿ! ನಿಮ್ಮವ್ವನ ಕೆಲಸ ಅದರಾಗ ಅದ," ಎಂದು ಗದರಿಸುವರು. ಮೂರು ವಾರ ನನ್ನ ಒಂದು ಕರೆಯೂ ತುಂಡಾಗಲಿಲ್ಲ.

ಅಷ್ಟರಲ್ಲಿ ಸುಗ್ಗಿ ಬಂತು. ಬಾಗಲವಾಡದಲ್ಲಿ ನಮ್ಮ ಗದ್ದೆ. ಹೆಚ್ಚಿನ ಭತ್ತ ಅಲ್ಲಿಂದಲೇ ಗಿರಣಿಗೆ ಹೋಗುತ್ತದೆ, ಮನೆಯ ಊಟಕ್ಕೆ ಬೇಕಾದಷ್ಟು ಮಾತ್ರ ಮನೆಗೆ ಬರುತ್ತದೆ. ಆ ಚೀಲಗಳನ್ನು ನಡುಮನೆಯಲ್ಲಿ, ದೇವರ ಗೂಡಿನ ಕೆಳಗೆ ಒಟ್ಟುವುದು ಈ ಮನೆಯ ಪದ್ಧತಿ. ಶುಕ್ರವಾರ ಓಣಿಯ ಹೆಂಗಸರನ್ನು ಕರೆದು ಪೂಜೆ ಮಾಡುತ್ತಾರೆ. ಅಲ್ಲಿಯವರೆಗೆ ಒಂದು ಚೀಲವನ್ನೂ ಜಾಗ ಬಿಟ್ಟು ಕದಲಿಸುವಂತಿಲ್ಲ. ಭಾನುವಾರ ಚೀಲ ಬಂದಾಗ ನಾನು ರಾಯಚೂರಿನ ತವರಿಗೆ ಹೋಗಿದ್ದೆ. ಸೋಮವಾರ ನನಗೆ ರಜೆ; ಸಂಜೆ ಬಂದು ನೋಡಿದರೆ ನಡುಮನೆ ಎದೆಮಟ್ಟ ತುಂಬಿತ್ತು. ಈ ಸಲ ಬೆಳೆ ಚಲೋ ಬಂತಲ್ಲ ಎಂದು ಹಿಗ್ಗಿದೆ, ಅಷ್ಟೇ. ಬೇರೇನೂ ಹೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಮೊದಲ ಕರೆ ದೇವದುರ್ಗದ ಕಡೆಯ ಹುಲಗೆಮ್ಮ ಎಂಬಾಕೆಯದು. ಗಂಡನಿಗೆ ಎದೆನೋವು ಎಂದು ಹೇಳುತ್ತಿದ್ದಂತೆಯೇ ದನಿ ತುಂಡುತುಂಡಾಗಿ ನಿಂತೇಹೋಯಿತು. ಪಡಸಾಲೆಗೆ ಓಡಿ ಬಂದು ಆಕೆಗೆ ಮತ್ತೆ ಫೋನ್ ಹಚ್ಚಿ ಸಮಯ ಕೊಟ್ಟೆ. ಆಮೇಲಿನ ಕರೆಯೂ ಹಾಗೇ, ಅದರ ಮುಂದಿನದೂ ಹಾಗೇ. ಮಧ್ಯಾಹ್ನದ ಹೊತ್ತಿಗೆ ಮೇಲಿನವರಿಂದ ಮೆಸೇಜು ಬಂತು: ನಾಳೆ ನಿಮ್ಮ ಕರೆಗಳನ್ನು ನಾವು ಕೂತು ಕೇಳುತ್ತೇವೆ, ನಾಳೆಯೂ ಹೀಗೇ ಆದರೆ ಮುಂದುವರಿಸಲು ಆಗುವುದಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಷರ್ರಫ್‌ಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ನಿಮ್ಮ ಕಂಪನಿ ಎಂಥದು, ನಿಮ್ಮ ತಂತಿ ಎಂಥದು, ಹಚ್ಚುವಾಗ ಇದ್ದ ನಗುಮುಖ ಈಗೆಲ್ಲಿ ಹೋಯಿತು ಎಂದೆಲ್ಲ. ಪಾಪ, ಒಂದು ಮಾತು ಎದುರಾಡದೆ ಸಂಜೆಯೊಳಗೆ ಬಂದ. ಪಡಸಾಲೆಯ ಡಬ್ಬಿ ನೋಡಿ ಇದು ಸರಿ ಇದೆ ಎಂದ. ನಡುಮನೆಗೆ ಬಂದು ಅತ್ತಿತ್ತ ನೋಡಿದ.

"ಅಕ್ಕಾ, ಎರಡನೇ ಡಬ್ಬಿ ಎಲ್ಲದ?"

ಅತ್ತೆ ಹೆಮ್ಮೆಯಿಂದ ಚೀಲಗಳ ರಾಶಿಯತ್ತ ಕೈ ಮಾಡಿದರು. "ಅಲ್ಲೇ ಅದ ನೋಡಪ್ಪ, ನೀ ಇಟ್ಟ ಜಾಗದಾಗ. ಒಂದು ಬೆರಳು ಕದಲಿಸಿಲ್ಲ. ಧೂಳು ಕುಂದ್ರಬಾರ್ದಂತ ಮ್ಯಾಲ ಹಸನಾದ ಅರಿವಿ ಹೊಚ್ಚಿ, ಸುತ್ತ ಚೀಲ ಒಟ್ಟಿಸೀನಿ."

ಮುಷರ್ರಫ್ ನನ್ನ ಮುಖ ನೋಡಿದ. ನಾನು ಗೋಡೆಗೆ ಒರಗಿದೆ.

"ಅವ್ವಾ, ಕಲ್ಲಿನ ಗೋಡಿನಾದ್ರೂ ಹೆಂಗೋ ದಾಟ್ತಿತ್ತು. ಈ ಹಸಿ ಭತ್ತದ ರಾಶಿ ದಾಟಂಗಿಲ್ಲ. ಒಂದು ಹತ್ತು ಚೀಲ ಸರಿಸಿಬಿಡ್ರಿ."

"ಶುಕ್ರವಾರ ಪೂಜಿ ಆದ ಮ್ಯಾಲ ಸರಸ್ತೀವಿ. ಅಲ್ಲೀತನಕ ಅದರ ಮ್ಯಾಲ ಬ್ಯಾರೆ ಸಾಮಾನೂ ಇಡಂಗಿಲ್ಲ."

ಗೋಡೆ ಕೊರೆದು ತಂತಿ ಹಾಯಿಸಬಹುದಿತ್ತು, ಆದರೆ ಅಷ್ಟುದ್ದದ ಡ್ರಿಲ್ ರಾಯಚೂರಿನಿಂದ ಬರಲು ಎರಡು ದಿನ ಬೇಕೆಂದ. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು.

"ಹತ್ತು ಚೀಲ ಸರಿಸಿದ್ರ ಏನಾಗ್ತದ್ರಿ ಅತ್ತೀ? ನಾಳಿನ ಅದ ನನ್ನ ಪರೀಕ್ಷಿ. ನಾಳಿ ಹೋದ್ರ ಕೆಲಸ ಹೋತು."

"ಏನೂ ಆಗಂಗಿಲ್ಲೇನೋ. ಆದ್ರ ಈ ಮನ್ಯಾಗ ಈತನಕ ಯಾರೂ ಸರಿಸಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಉರಿಸಿತು. ಹಿಂದಿನ ಕೋಣೆಗೆ ಹೋಗಿ ಕದ ಹಾಕಿಕೊಂಡು ಅತ್ತುಬಿಟ್ಟೆ. ಸಣ್ಣ ಕೆಲಸ, ಒಪ್ಪುತ್ತೇನೆ. ಆದರೆ ಆ ಹೆಡ್‌ಫೋನ್ ಹಾಕಿಕೊಂಡು ಕೂತಾಗ ನಾನು ಯಾರಿಗೋ ಬೇಕಾದವಳು ಅನಿಸುತ್ತಿತ್ತು. ಇಷ್ಟು ವರ್ಷದ ಮೇಲೆ ಸಿಕ್ಕಿದ್ದು ಹೀಗೆ ಭತ್ತದ ಚೀಲಕ್ಕೆ ಬಲಿಯಾಗಬೇಕೇ?

ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಹಿತ್ತಾಳೆಯ ಸಪ್ಪಳ ಕೇಳಿಸಿತು. ಕಣ್ಣು ಒರೆಸಿಕೊಂಡು ಹೊರಗೆ ಬಂದೆ. ನೋಡುತ್ತೇನೆ, ಅತ್ತೆ ಕುರ್ಚಿಯ ಮೇಲೆ ನಿಂತಿದ್ದಾರೆ! ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯಿಂದ ದೇವರ ಗೂಡಿನಲ್ಲಿದ್ದ ಹಿತ್ತಾಳೆಯ ಬಸವಣ್ಣನನ್ನು ಕೆಳಗಿಳಿಸುತ್ತಿದ್ದಾರೆ. ಆ ಗೂಡು ಇರುವುದು ನಡುಮನೆಗೂ ನನ್ನ ಕೋಣೆಗೂ ನಡುವಿನ ಗೋಡೆಯಲ್ಲಿ, ಚೀಲಗಳಿಗಿಂತ ಎತ್ತರದಲ್ಲಿ. ಗೂಡಿನ ಬೆನ್ನಿಗೆ ಒಂದೇ ಒಂದು ತೆಳ್ಳನೆಯ ಪರ್ಸಿ ಕಲ್ಲಿನ ಚಪ್ಪಡಿ. ಅಷ್ಟು ತೆಳುವಾದರೆ ಸಿಗ್ನಲ್ ದಾಟುತ್ತದೆ ಎಂಬುದನ್ನು ಅವರು ಮುಷರ್ರಫ್‌ನಿಂದ ಕೇಳಿ ತಿಳಿದುಕೊಂಡಾಗಿತ್ತು. ಅವನು ಚೀಲಗಳ ಸಂದಿಯಲ್ಲಿ ಕೈ ತೂರಿಸಿ ಡಬ್ಬಿಯನ್ನು ಮೇಲಕ್ಕೆ ಎಳೆದು ಹಿಡಿದು ನಿಂತಿದ್ದ.

"ಅತ್ತೀ, ಏನ್ ಮಾಡಾಕತ್ತೀರಿ?"

"ಕಾಣವಲ್ದೇನು? ಭತ್ತ ಕದಲಿಸಾಕ ಬರಂಗಿಲ್ಲ. ದೇವರನ್ನ ಕದಲಿಸಾಕತ್ತೀನಿ."

"ದೇವರನ್ನ?"

"ನನ್ನ ದೇವರು ನನ್ನ ಕೊರಳಾಗ ಅದಾನ." ಸೆರಗಿನ ಒಳಗಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಇವನ್ನ ಭತ್ತದ ಮ್ಯಾಲ ಕುಂದ್ರಸ್ತೀನಿ. ಎತ್ತಿಗೆ ಭತ್ತ ಬ್ಯಾಡಾಗ್ತದೇನು? ಹಿಡಿ ಇಲ್ಲೆ."

ನಾನು ಬಸವಣ್ಣನನ್ನು ಹಿಡಿದುಕೊಂಡೆ. ಮುಷರ್ರಫ್ ಡಬ್ಬಿ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದ.

"ಅವ್ವಾ, ಗೂಡಿನ್ಯಾಗ ನೀವ ಇಡ್ರಿ. ನಾ ಹೆಂಗ..."

"ನಂಗೇನ್ ತಿಳಿತದಪ್ಪ ಅದರ ತಂತಿ? ಚಪ್ಪಲಿ ಹೊರಗ ಬಿಟ್ಟೀದಿ ಇಲ್ಲೋ? ಹತ್ತು ಮತ್ತ."

ಅತ್ತೆ ಇಳಿದರು, ಅವನು ಕುರ್ಚಿ ಹತ್ತಿ ಡಬ್ಬಿಯನ್ನು ಗೂಡಿನಲ್ಲಿಟ್ಟು, ದೇವರ ಬಲ್ಬಿನ ಪ್ಲಗ್ಗು ತೆಗೆದು ಅಲ್ಲಿಗೆ ಡಬ್ಬಿಯ ಪ್ಲಗ್ಗು ಹಾಕಿದ. ನನ್ನ ಕೋಣೆಯಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿಕೊಂಡವು. ಅತ್ತೆ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತರು.

"ಈ ಕಾಲು ಕೆಟ್ಟಾಗ ನನ್ನ ಹೊಲ ಬಿಡಿಸಿದ್ರಲ್ಲ ನೀವೆಲ್ಲ," ಎಂದರು, ನನ್ನತ್ತ ನೋಡದೆ. "ನನ್ನ ಚಲೋದಕ್ಕ ಬಿಡಿಸೀರಿ, ಅದೂ ಖರೆ. ಆದ್ರ ಮುಂಜಾನಿ ಎದ್ದು ಬುತ್ತಿ ಕಟ್ಟೋದಿಲ್ಲ, ಕೂಲಿಯವ್ರನ್ನ ಕೂಗೋದಿಲ್ಲ. ಮನಿ ತುಂಬ ಮಂದಿ ಇದ್ರೂ ನನ್ನ ಕೈ ಖಾಲಿ. ಯಾರ ಮುಂದೂ ಹೇಳಿಲ್ಲ ನಾ. ಒಳಗ ನೀ ಅಳಾಕತ್ತಿದ್ದಿ, ಕೇಳಿಸ್ತು. ನಿನ್ನ ಕೈ ಹಂಗ ಖಾಲಿ ಆಗೋದು ಬ್ಯಾಡವ್ವ."

ನಾನು ಅವರ ಕಾಲ ಬಳಿ ಕೂತು ಮೊಣಕಾಲು ಒತ್ತಿದೆ. ಮೂರು ವರ್ಷದಿಂದ ದಿನಾ ಒತ್ತುತ್ತಿದ್ದೆ. ಆ ಖಾಲಿ ಕೈಯ ನೋವು ಮಾತ್ರ ನನಗೆ ಗೊತ್ತೇ ಇರಲಿಲ್ಲ.

ಬುಧವಾರ ಇಡೀ ದಿನ ಒಂದು ಕರೆಯೂ ತುಂಡಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಕೆಲಸ ಖಾಯಂ ಎಂದು ಮೆಸೇಜು ಬಂತು. ಅಡುಗೆಮನೆಗೆ ಓಡಿ ಹೋಗಿ ಹೇಳಿದರೆ ಅತ್ತೆ ಹೋಳಿಗೆ ಲಟ್ಟಿಸುತ್ತ, "ಹಂಗಾದ್ರ ಹೋಗಿ ಕೂಡು, ಇಲ್ಲೇನು ನಿಂತಿ?" ಎಂದರು.

ಮಧ್ಯಾಹ್ನ ಓಣಿಯ ಹೆಂಗಸರು ಪೂಜೆಗೆ ಬಂದರು. ಪಕ್ಕದ ಮನೆಯ ಬೂದೆಮ್ಮ ಕುಂಕುಮದ ಬಟ್ಟಲು ಹಿಡಿದು ಗೂಡಿನತ್ತ ಕತ್ತೆತ್ತಿದರು. ಒಳಗೆ ನಾನು ಲಿಂಗಸುಗೂರಿನ ಕಡೆಯ ಒಬ್ಬ ಅಜ್ಜನ ಹೆಸರು ಬರೆದುಕೊಳ್ಳುತ್ತಿದ್ದೆ, ಕದ ಅರ್ಧ ತೆರೆದಿತ್ತು.

"ಯವ್ವಾ ಶರಣಮ್ಮ, ಗೂಡಿನ್ಯಾಗ ಇದೇನಿಟ್ಟೀಯವ್ವ? ಹಸಿರು ದೀಪ ಉರ್ಯಾಕತ್ತದಲ್ಲ!"

"ನಮ್ಮ ಸುನಂದಾನ ಕಾಯಕ ಅದು. ಕುಂಕುಮ ಹಚ್ಚಬ್ಯಾಡ, ಸಂದ್ಯಾಗ ಹೋದೀತು. ಮತ್ತ ಕೇಳ್ರಿ ಎಲ್ಲಾರೂ, ಆಕಿ ಕೆಲಸದಾಗ ಅದಾಳ. ಆರತಿ ಹಾಡು ಸಣ್ಣಗ ಹೇಳ್ರಿ."

ಓಣಿಗೆಲ್ಲ ಕೇಳುವಂತೆ ಹಾಡುವ ಹೆಂಗಸರು ಅವರು. ಅಂದು ಪಿಸುಮಾತಿನಲ್ಲಿ ಹಾಡಿ ಆರತಿ ಮುಗಿಸಿದರು.