ನಮ್ಮತ್ತೆಯ ಕಿವಿಗೆ ಬಿದ್ದ ವೀಣೆ

ನಮ್ಮತ್ತೆಯ ಎರಡು ಕಿವಿಯ ತೂತುಗಳೂ ದಪ್ಪ ಓಲೆಯ ಭಾರಕ್ಕೆ ಜೋತುಬಿದ್ದು, ಕಿರುಬೆರಳು ಸಲೀಸಾಗಿ ತೂರುವಷ್ಟು ಅಗಲವಾಗಿದ್ದವು. ಓಲೆ ಹಬ್ಬಕ್ಕೆ, ಮದುವೆಗೆ ಮಾತ್ರ. ಉಳಿದ ದಿನಗಳಲ್ಲಿ ಆ ತೂತುಗಳಲ್ಲಿ ಒಂದೊಂದು ಬೇವಿನ ಕಡ್ಡಿ. ಹಾಲು ಕರೆಯುವಾಗ ಹಸು ತಲೆಯಾಡಿಸಿ ಓಲೆ ಸಿಕ್ಕಿಕೊಂಡರೆ ಕಿವಿ ಹರಿದೇ ಹೋದೀತೆಂದು ಈ ಏರ್ಪಾಡು. ಅವರಿಗೆ ಭಯವಾದಾಗ ಬಲಗೈ ತಾನಾಗಿ ಮೇಲೆದ್ದು ಆ ಕಡ್ಡಿಯನ್ನು ಹಿಡಿದು ತಿರುಗಿಸುತ್ತಿತ್ತು. ಮದುವೆಯಾಗಿ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಅವರ ಊರಿಗೆ ಹೋದ ಹೊಸದರಲ್ಲಿ ನನಗೆ ಇದು ತಿಳಿದಿರಲಿಲ್ಲ. ಇವರು ಹೆದರುವ ಹೆಂಗಸೇ ಅಲ್ಲ ಅಂದುಕೊಂಡಿದ್ದೆ. ಕೊಟ್ಟಿಗೆಯ ಸೂರಿನಿಂದ ಹಾವು ಬಿದ್ದರೆ "ಏ, ಓಗತ್ಲಾಗಿ" ಎಂದು ಪೊರಕೆಯಲ್ಲಿ ತಳ್ಳಿ ಮತ್ತೆ ಹಾಲು ಕರೆಯಲು ಕೂರುವವರು ಅವರು. ಆ ಮನೆಯಲ್ಲಿ ಹೆದರುವ ಕೆಲಸವನ್ನೆಲ್ಲ ನಾನೊಬ್ಬಳೇ ವಹಿಸಿಕೊಂಡಿದ್ದೆ. ನಾನು ಹುಟ್ಟಾ ಪುಕ್ಕಲಿ.

ನನ್ನ ತವರು ನರಸೀಪುರ. ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಬೆಳಗಾದರೆ ರೇಡಿಯೋದಲ್ಲಿ ವೀಣೆಯೋ ಪಿಟೀಲೋ ಬರಬೇಕು, ಕಾಫಿ ಆಮೇಲೆ. ನನಗೆ ನುಡಿಸಲು ಬರುವುದಿಲ್ಲ, ಹಾಡಿದರೆ ನಾಯಿ ಬೊಗಳುತ್ತದೆ, ಕೇಳುವುದು ಮಾತ್ರ ಗೊತ್ತು. ಅತ್ತೆಯ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಹಾಡು. ಮಾವ ಒಂದು ಕಾಲದಲ್ಲಿ ಊರಿನ ನಾಟಕದಲ್ಲಿ ರಾಜನ ಪಾತ್ರ ಮಾಡಿದವರು, ಹಾರ್ಮೋನಿಯಂ ಇಲ್ಲದ್ದು ಅವರಿಗೆ ಸಂಗೀತವೇ ಅಲ್ಲ. ನನ್ನ ಗಂಡ ನಂಜನಗೂಡಿನ ಫ್ಯಾಕ್ಟರಿಗೆ ಹೋಗುವಾಗಲೂ ಬರುವಾಗಲೂ ಸಿನಿಮಾ ಹಾಡು ಗುನುಗುತ್ತಿದ್ದರು. ಮೈದುನ ಟ್ರ್ಯಾಕ್ಟರಿಗೆ ಎರಡು ದೊಡ್ಡ ಸ್ಪೀಕರ್ ಕಟ್ಟಿಸಿಕೊಂಡಿದ್ದ. "ಹಾಡು ಅಂದ್ರೆ ಎದೆ ಗುದ್ಬೇಕು ಅತ್ಗೆ, ನಿಮ್ದು ನಿದ್ದೆ ಬರ್ಸದು" ಎನ್ನುತ್ತಿದ್ದ. ಅತ್ತೆಯದು ರಾಗಿ ಬೀಸುವ ಪದ, ಮಹದೇಶ್ವರನ ಪದ. ಅವರು ಪದ ಹೇಳದಿದ್ದರೆ ಮನೆಯ ಹಸು ಹಾಲನ್ನೇ ಇಳಿಸುತ್ತಿರಲಿಲ್ಲ. "ಆಡು ಅಂದ್ಮೇಲೆ ಮಾತಿರ್ಬೇಕು ಕಣವ್ವ. ಮಾತಿಲ್ದೆ ಸುಮ್ನೆ ಕೊರಗ್ತಾ ಕೂತ್ರೆ ಅದೇನು?" ಎಂದು ಅವರು ಕೇಳಿದ್ದು ಬಹಳ ಆಮೇಲೆ. ಮೊದಲು ನಡೆದದ್ದು ಬೇರೆ.

ಮದುವೆಯಾದ ಹೊಸತು, ಒಂದು ಬೆಳಿಗ್ಗೆ. ನಾನು ಒಬ್ಬಳೇ ಅಡುಗೆಮನೆಯಲ್ಲಿದ್ದೆ. ಮುದ್ದೆಗೆ ಎಸರಿಟ್ಟು, ತವರಿನ ನೆನಪಾಗಿ, ಮೊಬೈಲಿನಲ್ಲಿ ಒಂದು ವೀಣೆ ಹಾಕಿಕೊಂಡೆ. ಮೆಲ್ಲಗೇ ಹಾಕಿದ್ದೆ. ಅದು ಕೊಟ್ಟಿಗೆಗೆ ಹೇಗೆ ಕೇಳಿತೋ, ಅತ್ತೆ ಸಗಣಿ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರವ್ವಾ? ಯಾರ್ ಓದ್ರು?"

ನನಗೆ ಅರ್ಥವಾಗಲಿಲ್ಲ. ನಾನು ಬಾಯಿ ಬಿಡುವಷ್ಟರಲ್ಲಿ ಅವರು ಎಸರು ಇಳಿಸಿ ಒಲೆಗೆ ಒಂದು ಚೆಂಬು ನೀರು ಸುರಿದು ಆರಿಸಿಬಿಟ್ಟರು. ಸಾವಿನ ಸುದ್ದಿ ಬಂದರೆ ಅವರ ಕಡೆ ಮೊದಲು ಮಾಡುವುದು ಅದು. ಆಮೇಲೆ ಜಗಲಿಯಲ್ಲಿ ಹೋಗಿ ಕೂತು ಕಿವಿಯ ಕಡ್ಡಿ ತಿರುಗಿಸತೊಡಗಿದರು. ಎದುರು ಮನೆಯವರು ನೋಡಿದರು: ಹೊತ್ತು ಏರಿದರೂ ಹೊಗೆಯಿಲ್ಲ, ಹಾಲು ಡೈರಿಗೆ ಹೋಗಿಲ್ಲ, ಈಯಮ್ಮ ಹೀಗೆ ಕೂತಿದ್ದಾರೆ. ಮಾವನಿಗೆ ಆ ವಾರ ಕೆಮ್ಮು ಬೇರೆ ಇತ್ತು. ಇನ್ನೇನು ಬೇಕು? "ಏನಿಲ್ಲ ಅತ್ತೆ, ಮೊಬೈಲು, ನಾನೇ ಹಾಕ್ಕೊಂಡಿದ್ದು" ಎಂದು ನಾನು ತೊದಲಿ ತೊದಲಿ ಹೇಳಿ ಮುಗಿಸುವ ಹೊತ್ತಿಗೆ ಯಾರೋ ಕವಲಂದೆಗೆ ಫೋನು ಮಾಡಿಯಾಗಿತ್ತು.

ಕವಲಂದೆ ಅತ್ತೆಯ ತವರು. ಮಧ್ಯಾಹ್ನ ಅವರ ಅಣ್ಣ, ನಮಗೆಲ್ಲ ದೊಡ್ಡಮಾವ, ನಂಜನಗೂಡಿನಲ್ಲಿ ಬಸ್ಸಿಳಿದು ಒಂದು ದಪ್ಪ ಹೂವಿನ ಹಾರ ಕೊಂಡುಕೊಂಡು, ದಾರಿಯುದ್ದಕ್ಕೂ ಅತ್ತು, ನಮ್ಮ ಮನೆಯೊಳಕ್ಕೆ ಬಂದರು. ಒಳಗೆ ಮಾವ ಮುದ್ದೆ ಮುರಿಯುತ್ತಾ ಕೂತಿದ್ದಾರೆ. ದೊಡ್ಡಮಾವ ಹಾರ ಹಿಡಿದುಕೊಂಡೇ ಕಲ್ಲಾದರು. ಮಾವನಿಗೆ ವಿಷಯ ತಿಳಿದದ್ದೇ ತಡ, ನಾಟಕದ ಚಾಳಿ ಎದ್ದಿತು.

"ತತ್ತಾ ಬಾವ ಇಲ್ಲಿ! ತಂದದ್ನ ಯಾಕ್ ವೇಸ್ಟ್ ಮಾಡೀಯೆ?" ಎಂದು ಹಾರವನ್ನು ಕೊರಳಿಗೆ ಹಾಕಿಕೊಂಡು, ಎಂಜಲು ಕೈಯಲ್ಲೇ ರಾಜನ ಹಾಗೆ ಮೀಸೆ ತಿರುವಿದರು.

ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು. ಬೈಸಿಕೊಳ್ಳುವುದು ತಪ್ಪಿತಲ್ಲ ಎಂದು ನಾನೂ ನಕ್ಕೆ. ಅತ್ತೆ ಮಾತ್ರ ಕಂಬಕ್ಕೆ ಒರಗಿ ನಿಂತು, "ತಗೀರಿ ಅದ್ನ! ಮೊದ್ಲು ತಗೀರಿ ಅಂದ್ರೆ!" ಎಂದು ಕೂಗಿದರು. ನನ್ನ ನಗು ಅಲ್ಲೇ ನಿಂತಿತು.

ಸಂಜೆ ಮಾವ ನನ್ನನ್ನು ಕರೆದು ಹೇಳಿದರು. ಅತ್ತೆಗೆ ಒಬ್ಬ ತಮ್ಮ ಇದ್ದನಂತೆ. ಲಾರಿಯಲ್ಲಿ ಕ್ಲೀನರ್ ಆಗಿ ತಮಿಳುನಾಡಿನ ಕಡೆ ಹೋಗಿದ್ದ. ಆಗಲೇ ದೇಶದ ದೊಡ್ಡವರೊಬ್ಬರು ತೀರಿಕೊಂಡು ರೇಡಿಯೋದಲ್ಲಿ ಬೇರೆ ಹಾಡುಗಳೆಲ್ಲ ಬಂದ್ ಆಗಿ ಬರೀ ವೀಣೆ ಬರುತ್ತಿತ್ತು. ದಾರಿಯಲ್ಲಿ ಗಲಾಟೆ, ಬಸ್ಸಿಲ್ಲ. ಹುಡುಗಿಯಾಗಿದ್ದ ಅತ್ತೆ ತಮ್ಮನಿಗಾಗಿ ಕಾಯುತ್ತಾ ಕವಲಂದೆಯ ಮನೆಯಲ್ಲಿ ಆ ವೀಣೆಯನ್ನೇ ಕೇಳುತ್ತಾ ಕೂತಿದ್ದರು. ಬಂದದ್ದು ತಮ್ಮನಲ್ಲ, ಅವನ ಸುದ್ದಿ. "ಅವತ್ತಿಂದ ಅಷ್ಟೆ ಕಣವ್ವ. ಆ ಸದ್ದು ಬಂದ್ರೆ ಅವ್ಳಿಗೆ ಜೀವ ಬಾಯಿಗೆ ಬತ್ತದೆ" ಎಂದರು ಮಾವ.

ಅದೇ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ, ಗದ್ದೆಯ ಬದುವಿನ ಮೇಲೆ ಬೀಡಿ ಹಚ್ಚಿಕೊಂಡು ಕೂತ ಮಾವ ಅಲ್ಲಿಂದ ಏಳಲಿಲ್ಲ.

ಆಗ ಶುರುವಾಯಿತು ನನ್ನ ನಿಜವಾದ ಹೆದರಿಕೆ. ದೊಡ್ಡಮಾವ ಮತ್ತೆ ಹಾರ ತಂದರು. ಅದನ್ನು ನೋಡಿದವರಿಗೆಲ್ಲ ಹಿಂದಿನ ಹಾರ ನೆನಪಾಗಿರಬೇಕು, ಹಾಗೆಯೇ ನನ್ನ ವೀಣೆಯೂ. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನ್ನನ್ನು ಕೊಂದಿತು. ಇವತ್ತು ಅತ್ತೆ ಅಂದುಬಿಡುತ್ತಾರೆ, ನಿನ್ನ ಆ ವೀಣೆಯಿಂದಲೇ ನಮ್ಮೋರು ಹೋದ್ರು ಅಂತ ಎಲ್ಲರೆದುರು ಅಂದೇಬಿಡುತ್ತಾರೆ ಎಂದು ದಿನವೂ ಕಾದೆ. ಅವರು ಹಿತ್ತಲಿನಿಂದ "ಅವ್ವೋ, ಬಾ ಇಲ್ಲಿ" ಎಂದು ಕರೆದರೆ ಸಾಕು, ಎದೆ ಢವಢವ. ಹೋಗಿ ನಿಂತರೆ "ಹಾಲ್ಗೆ ಎಪ್ಪಾಕಿದ್ಯಾ?" ಎಂದು ಕೇಳುತ್ತಿದ್ದರು. ನಾನು ಬೆವರೊರೆಸಿಕೊಂಡು ಒಳಗೆ ಬರುತ್ತಿದ್ದೆ. ಅಂದಿನಿಂದ ಮನೆಯಲ್ಲಿ ವೀಣೆ ಬಂದ್. ನಂಜನಗೂಡಿನ ಶಾಲೆಗೆ ಪಾಠ ಮಾಡಲು ಹೋಗುವಾಗ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ, ಊರಿನವರು ಯಾರಾದರೂ ಹತ್ತಿದರೆ ಕಿತ್ತು ಬ್ಯಾಗಿಗೆ ತುರುಕುತ್ತಿದ್ದೆ. ನನ್ನೊಳಗೂ ಒಂದು ಸಂಶಯ ಬೇರೂರಿತ್ತು. ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಆದರೂ ಚೆನ್ನಾಗಿರುವ ಒಂದು ರಾಗ ಕೇಳುವಾಗ ತವರಿನಲ್ಲಿ ಅಪ್ಪನಿಗೆ ಏನಾದರೂ ಆದರೆ ಎಂದು ಅರ್ಧಕ್ಕೇ ನಿಲ್ಲಿಸಿ ಅವರಿಗೆ ಫೋನು ಮಾಡುತ್ತಿದ್ದೆ.

ಇಷ್ಟಾಗಿಯೂ ಅತ್ತೆ ನನ್ನನ್ನು ನೋಡಿಕೊಂಡದ್ದು ಹೇಗೆ ಅಂತೀರಿ! ಬಾಣಂತನದಲ್ಲಿ ನನ್ನ ಕಾಲು ನೀವಿದರು. ಶಾಲೆಯಿಂದ ಬರುವುದು ತಡವಾದರೆ ಬಸ್ ಸ್ಟಾಪಿನ ಕಟ್ಟೆಯಲ್ಲಿ ಬಂದು ಕೂತಿರುತ್ತಿದ್ದರು. ನಾನು ಇಳಿದ ಮೇಲೆ ಕಡ್ಡಿ ತಿರುಗಿಸುವುದನ್ನು ಬಿಟ್ಟು ಮುಂದೆ ಮುಂದೆ ನಡೆಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ಮಲಗಿದರು. ಕಿಡ್ನಿ. ಮೈಸೂರಿನ ಡಾಕ್ಟರು, ಮನೆಗೆ ಕರಕೊಂಡು ಹೋಗಿ, ಬೇಕು ಅಂದದ್ದು ಕೊಡಿ ಎಂದರು. ನಡುಮನೆಯಲ್ಲಿ ಹಾಸಿಗೆ ಹಾಕಿದೆವು. ನೆಂಟರು ತುಂಬಿದರು. ಒಂದು ಮಧ್ಯಾಹ್ನ ಅತ್ತೆ ಕಣ್ಣು ತೆರೆದು, "ಅವ್ವೋ, ಬಾ ಇಲ್ಲಿ" ಎಂದರು. ನನಗೆ ಗೊತ್ತಾಯಿತು. ಇಷ್ಟು ವರ್ಷ ಇಟ್ಟುಕೊಂಡ ಮಾತು ಈಗ ಬರುತ್ತದೆ, ಇಡೀ ಬಳಗದ ಎದುರು. ಹೋಗಿ ಪಕ್ಕದಲ್ಲಿ ಕೂತೆ.

"ನಿನ್ ಆ ವೀಣೆ ಮಡಗವ್ವಾ" ಎಂದರು.

"ಬೇಡ ಅತ್ತೆ!" ಎಂದೆ. ಅಳುವೇ ಬಂದುಬಿಟ್ಟಿತು. "ಅದೊಂದು ಬೇಡ. ನಿಮಗೆ ಆಗಲ್ಲ ಅದು."

ದೊಡ್ಡಮಾವ ನನ್ನ ಮಾತಿಗೆ ಸೇರಿಸಿದರು. "ಈಗ್ಯಾಕವ್ವ ಆ ಗೋಳು? ಭಜನೆಯೋರ್ ಕರ್ಸನ."

ಅತ್ತೆ ಭಜನೆ ಬೇಡವೆಂದು ತಲೆಯಾಡಿಸಿದರು. ಉಸಿರು ಎಳೆದು ಎಳೆದು ನನಗೆ ಹೇಳಿದರು. "ಅವತ್ತು ನಮ್ ತಮ್ಮುನ್ ಕಾಯ್ತಾ ಕೂತಿದ್ನಲ್ಲ, ರೇಡಿಯೋದಲ್ಲಿ ವೀಣೆ ಬತ್ತಾನೇ ಇತ್ತು. ಅದು ನಿಂತೋಯ್ತು. ನಿಂತೇಟ್ಗೆ ಬಾಗ್ಲಲ್ಲಿ ಆಳು ಬಂದು ಯೋಳ್ದ. ವೀಣೆಯಿಂದ ಯಾರೂ ಸಾಯಾಕಿಲ್ಲ ಮಗ. ಅದು ನುಡೀತಾ ಇರಗಂಟ ಯಾರೂ ಸತ್ತಿಲ್ಲ. ನಿಂತ್ಮೇಲೆ ತಾನೆ ಸತ್ತೋರ್ ಎಸ್ರು ಯೋಳದು? ನಿಲ್ಸಬ್ಯಾಡ."

ಇಷ್ಟು ವರ್ಷ ನಾನು ಕಾದ ಮಾತು ಅವರ ಮನಸ್ಸಿನಲ್ಲೇ ಇರಲಿಲ್ಲ. ಆದರೆ ಸಮಾಧಾನ ಪಡಲು ಪುರಸೊತ್ತೆಲ್ಲಿ? ಅವರ ಜೀವವನ್ನು ತಂದು ನನ್ನ ಮೊಬೈಲಿನಲ್ಲಿಟ್ಟ ಹಾಗಾಯಿತು. ಕಣ್ಣೊರೆಸಿಕೊಂಡು ಹಾಕಿದೆ. ಒಂದು ವೀಣೆ ಮುಗಿಯಿತು, ಇನ್ನೊಂದು ಶುರುವಾಗುವ ಮೊದಲು ಯಾವುದೋ ಸಾಬೂನಿನ ಜಾಹೀರಾತು ಕಿರುಚಿತು. ಅತ್ತೆಯ ಕಣ್ಣು ದೊಡ್ಡದಾಗಿ ತೆರೆಯಿತು, ಕೈ ಕಡ್ಡಿಗೆ ಹೋಯಿತು. ನಾನು ಗಾಬರಿಯಿಂದ ಅದನ್ನು ತೆಗೆದು, ಮೊದಲೇ ಇಳಿಸಿಟ್ಟುಕೊಂಡಿದ್ದ ಒಂದು ದೊಡ್ಡ ವೀಣೆ ಕಛೇರಿ ಹಾಕಿದೆ. ಅದರ ನಡುವೆ ಕರೆಂಟು ಹೋಯಿತು. ನೋಡಿದರೆ ಚಾರ್ಜು ಇಲ್ಲ, ಮೊಬೈಲು ಇನ್ನೇನು ಕಣ್ಣು ಮುಚ್ಚುವುದರಲ್ಲಿತ್ತು.

ಮೈದುನ ಎದ್ದು ಓಡಿದ. ಟ್ರ್ಯಾಕ್ಟರನ್ನು ತಂದು ಕಿಟಕಿಯ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. "ಕೊಡಿ ಅತ್ಗೆ, ಇದ್ರಲ್ಲಿ ಚಾರ್ಜೂ ಆಯ್ತದೆ, ಹಾಡೂ ಬತ್ತದೆ" ಎಂದು ಕಿಟಕಿಯಿಂದ ಕೈ ಚಾಚಿದ. ಕೊಡಬೇಕಾದರೆ ವೀಣೆ ನಿಲ್ಲಬೇಕು. ಅವನು ವೈರು ಸಿಕ್ಕಿಸುವಷ್ಟು ಹೊತ್ತು ಮೌನ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ನನಗೆ ಏನು ತೋಚಿತೋ, ಬಳಗದ ಎದುರಿಗೇ ಬಾಯಿ ತೆಗೆದು, ಅದೇ ರಾಗವನ್ನು ಹಾಡಿಬಿಟ್ಟೆ. ಮಾತಿಲ್ಲ, ಬರೀ ತಾನಾನಾ. ಹೊರಗೆ ನಿಜವಾಗಿಯೂ ನಾಯಿ ಬೊಗಳಿತು.

ಅತ್ತೆಯ ತುಟಿ ಓರೆಯಾಯಿತು. "ಇದ್ಕಿಂತ ವೀಣೆನೇ ವಾಸಿ ಕಣವ್ವ" ಎಂದರು.

ಅವರು ಆಡಿದ ಕಡೆಯ ಮಾತು ಅದು.

ಆಮೇಲೆ ಆ ಎರಡು ದೊಡ್ಡ ಸ್ಪೀಕರಿನಲ್ಲಿ ವೀಣೆ ಬಂತು. ಬೀದಿಗೆಲ್ಲ ಕೇಳಿತು. ಎದುರು ಮನೆಯವರು ಹೊರಗೆ ಬಂದರು. ಡೈರಿಯ ಕಡೆಯಿಂದ ನಾಲ್ಕು ಜನ ಬಂದರು. "ಏನ್ಲಾ? ಓದ್ರಾ?" ಎಂದು ಯಾರೋ ಕೇಳಿದರು.

"ಯಾರೂ ಓಗಿಲ್ಲ!" ಎಂದು ಮೈದುನ ಟ್ರ್ಯಾಕ್ಟರಿನ ಮೇಲಿಂದ ಕೂಗಿದ. ಅವನು ಅಳುತ್ತಿದ್ದ. "ವೀಣೆ ಬತ್ತಾ ಇಲ್ವಾ? ಇನ್ನೂ ಅವ್ರೆ ಕಣ್ರೀ ನಮ್ಮವ್ವ!"

ಬಂದವರು ಹಿಂದಿರುಗಲಿಲ್ಲ. ಜಗಲಿಯ ಮೇಲೆ, ಕಲ್ಲಿನ ಮೇಲೆ ಕೂತು ಕೇಳಿದರು. ಇಷ್ಟವಿತ್ತೋ ಇಲ್ಲವೋ, ಕೂತೇ ಇದ್ದರು. ಒಳಗೆ ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಕಡ್ಡಿಯನ್ನು ತಿರುಗಿಸುತ್ತಿದ್ದ ಬೆರಳು ನಿಧಾನವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಕೈ ಕಿವಿಯಿಂದ ಜಾರಿ ಎದೆಯ ಮೇಲೆ ಬಂತು. ದೊಡ್ಡಮಾವ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, ಎದ್ದು, ವೀಣೆ ನಿಲ್ಲಿಸಲು ಹೇಳಬೇಕೆಂದು ಕಿಟಕಿಯ ಕಡೆ ತಿರುಗಿದರು.

"ನಿಲ್ಲಿಸಬೇಡಿ!" ಎಂದು ಕಿರುಚಿದೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ನನ್ನ ಗಂಡ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು, ಅವರೂ ನಿಲ್ಲಿಸು ಅನ್ನಲಿಲ್ಲ. ಕಛೇರಿ ಮುಗಿಯುವ ತನಕ ಆ ಮನೆಯಲ್ಲಿ ಯಾರೂ ಅಳಲಿಲ್ಲ.

ಈಗ ಬೆಳಿಗ್ಗೆ ಅಡುಗೆಮನೆಯಲ್ಲಿ ಗಟ್ಟಿಯಾಗಿಯೇ ವೀಣೆ ಹಾಕುತ್ತೇನೆ. ಯಾರೂ ಬೇಡ ಅನ್ನುವುದಿಲ್ಲ. ನನ್ನ ಸಂಗೀತವನ್ನು ನನಗೆ ಹಿಂದಕ್ಕೆ ಕೊಟ್ಟು ಹೋದವರು ಅತ್ತೆ, ಜೊತೆಗೆ ತಮ್ಮ ಹೆದರಿಕೆಯನ್ನೂ ಕೊಟ್ಟು ಹೋದರು. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ನನ್ನ ಬಲಗೈ ತಾನಾಗಿ ಕಿವಿಗೆ ಹೋಗುತ್ತದೆ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವ ಮೈದುನ ಅಲ್ಲಿಂದಲೇ ಕೂಗುತ್ತಾನೆ:

"ಅತ್ಗೇ! ನಿಂತೋಯ್ತು! ಇನ್ನೊಂದ್ ಮಡಗಿ ಬೇಗ!"