ಹಲ್ಲು ಕಾಣದ ಹರಳು

ಬಸವಕಲ್ಯಾಣದ ಅಕ್ಕಸಾಲಿಗ ಮೋನಪ್ಪ ಪತ್ತಾರನ ಕೈ ನಡುಗತೊಡಗಿದ ಮೇಲೆ ಕುಲುಮೆಯ ಮುಂದೆ ಕೂತವಳು ಮಗಳು ಮಾಣಿಕಮ್ಮ. ಹೆಂಗಸಿನ ಕೈಗೆ ಚಿನ್ನ ಕೊಡಲು ಹಿಂಜರಿದು ಕೆಲವರು ಮೆಟ್ಟಿಲಿಂದಲೇ ತಿರುಗಿದರು. ಅವಳು ಮೂಗುಬೊಟ್ಟು, ಕಾಲುಂಗುರ ಬೆಸೆಯುತ್ತ ಕೂತೇ ಇದ್ದಳು.

೧೯೯೭ರಲ್ಲಿ ಬಟ್ಟೆ ವ್ಯಾಪಾರಿ ಧನರಾಜನ ಮಗಳು ಪೂನಂ, ಪುಣೆಯಲ್ಲಿ ಓದುತ್ತಿದ್ದವಳು, ಒಂದು ಪತ್ರಿಕೆ ತಂದು ತೋರಿಸಿದಳು. ಪ್ಯಾರಿಸ್ಸಿನ ಹೆಸರಾಂತ ಒಡವೆ ಅಂಗಡಿಯೊಂದರ ಚರಿತ್ರೆ ಅದರಲ್ಲಿತ್ತು. ಚಿತ್ರದಲ್ಲಿ ಕೆಂಪು ಹರಳಿನ ಹೂವು. ಹರಳನ್ನು ಕಚ್ಚಿ ಹಿಡಿಯುವ ಚಿನ್ನದ ಹಲ್ಲು ಎಲ್ಲೂ ಕಾಣದು.

"ಈ ಅಂಗಡಿ ಕಟ್ಟಿದವ್ರ ಮಗಳೇ ಮುಂದ ಒಡವಿ ಹ್ಯಾಂಗಿರಬೇಕಂತ ಹೇಳತಿದ್ಳಂತ್ರಿ, ಅಕ್ಕಾ. ನನ್ನ ಲಗ್ನಕ್ಕ ಇಂಥದೇ ಪದಕ ಮಾಡ್ತೀರೇನ್ರಿ?"

"ಹಲ್ಲಿಲ್ಲದ ಹರಳು ಹ್ಯಾಂಗ ನಿಂತಾವ?"

"ಹರಳಿನ ಬದಿಗೆ ಗೀರು ಕೊರದು ತಂತಿ ಮ್ಯಾಲ ಜಾರಸ್ತಾರಂತ. ಅಷ್ಟೇ ಬರದಾರ್ರಿ."

ಮಾಣಿಕಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಮಾಡತೀನಿ" ಎಂದಳು.

ಹುಮನಾಬಾದಿನಲ್ಲಿ ಉಂಗುರದ ಹರಳು ಸಾಣೆ ಹಿಡಿಯುತ್ತಿದ್ದ ಮುದುಕ ಅಬ್ದುಲ್ ಕರೀಂ, ಅವಳು ಹೋಗಿ ಕೇಳಿದಾಗ, ಆಗದೆಂದು ತಲೆಯಾಡಿಸಿದ. "ಗೀರು ಕೊರದ್ರ ಸೀಳತಾವ ಬೇಟಿ."

"ಸೀಳಲಿ ಚಾಚಾ. ಯಾಕ ಸೀಳತಾವ ಅನ್ನೋದಾದ್ರೂ ತಿಳೀತದ."

ಸೀಳಿದವು. ಅಗ್ಗದ ಕೆಂಪು ಹರಳುಗಳು ಹಿಡಿಗಟ್ಟಲೆ ಪುಡಿಯಾದವು. ಕರೀಂ ಸಾಣೆಯ ವೇಗ ತಗ್ಗಿಸಿದ, ಹರಳನ್ನು ಅರಗಿನಲ್ಲಿ ಕೂರಿಸಿ ನೀರು ಬಿಡುತ್ತ ಕೊರೆದ. ಗೀರು ನಿಂತಿತು. ಆದರೆ ಮಾಣಿಕಮ್ಮ ಊರಿಗೆ ಬಂದು ಹರಳು ಜಾರಿಸಿದರೆ ಬೆಳ್ಳಿಯ ತಂತಿ ಬಾಗಿತು. ಅವಳು ಕರಗಿಸಿದಳು, ಮತ್ತೆ ಎಳೆದಳು.

ಮೋನಪ್ಪನಿಗೆ ನೋಡಲಾಗಲಿಲ್ಲ. "ಬಿಡವ್ವ, ಬ್ಯಾರೆ ಪದಕ ಮಾಡಿಕೊಡೂಣು."

"ಬ್ಯಾರೇದು ಆಕಿ ಕೇಳಿಲ್ಲಪ್ಪ."

ಪೂನಂಳ ಮದುವೆ ಹತ್ತಿರ ಬಂದಾಗ ಹರಳುಗಳು ಒಂದರ ಪಕ್ಕ ಒಂದು ಜಾರಿ ಕೂತವು. ಆದರೆ ಹೂವಿನ ಎಸಳಿನ ಬಾಗು ಮಾತ್ರ ಒಲಿಯಲಿಲ್ಲ. ಕೊನೆಗೆ ಚಪ್ಪಟೆ ಎಲೆಯಾಕಾರದ ಪದಕವೊಂದನ್ನು ಮಾಡಿ, ಹೂವು ಬರಲಿಲ್ಲವೆಂದು ಇದ್ದದ್ದನ್ನು ಇದ್ದಹಾಗೆ ಪೂನಂಗೆ ಹೇಳಿದಳು. ಪೂನಂ ಎಲೆಯ ಮೇಲೆ ಬೆರಳಾಡಿಸಿದಳು. ನುಣ್ಣಗೆ, ನೀರ ಹನಿಯಂತಿತ್ತು. ಧಾರೆಗೆ ಅದನ್ನೇ ಹಾಕಿಕೊಂಡು ನಿಂತಳು.

ಆಮೇಲೆ ಹುಲಸೂರ ಕಡೆಯಿಂದಲೂ ಜನ ಅಂಗಡಿ ಕೇಳಿಕೊಂಡು ಬಂದರು. ಕೆಲಸ ಕೈತುಂಬ ಇತ್ತು. ಆದರೂ ಬಿಡುವಾದಾಗಲೆಲ್ಲ ಮಾಣಿಕಮ್ಮ ಆ ಎಸಳಿನ ಬಾಗಿಗಾಗಿ ಹುಮನಾಬಾದಿನ ಬಸ್ಸು ಹತ್ತುತ್ತಿದ್ದಳು. ೨೦೦೪ರ ಬೇಸಿಗೆಯಲ್ಲಿ ಎಸಳು ಬಾಗಿತು, ಹರಳು ಕದಲಲಿಲ್ಲ. ಅಬ್ದುಲ್ ಕರೀಂ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿದ.

"ಈಗ ಹೂವಾತು, ಬೇಟಿ" ಎಂದ.