ಫಾರ್ಮ್ಯಾಟ್ ಹೊಡೆಯದ ಉಮ್ಮೆ ಕುಲ್ಸುಂ

ಹಲಸೂರಿನಲ್ಲಿ ಆದಿನಾರಾಯಣರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವರು ಉಮ್ಮೆ ಕುಲ್ಸುಂಳನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಟೆಕ್ನಿಷಿಯನ್ ಇಲ್ವಾ?" ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಬಿಚ್ಚಿಟ್ಟ ಲ್ಯಾಪ್‌ಟಾಪಿನ ಮುಂದೆ ಅವಳು ಕೂತಿದ್ದಾಗಲೂ ಈ ಪ್ರಶ್ನೆ ಬರುತ್ತಿತ್ತು. "ಇದೀನಲ್ಲ, ಹೇಳಿ" ಎನ್ನುತ್ತಿದ್ದಳು. ಕೆಲವರು ಹೇಳುತ್ತಿದ್ದರು. ಕೆಲವರು ಇನ್ನೊಬ್ಬ ಟೆಕ್ನಿಷಿಯನ್ ಮುತ್ತುರಾಜ ಟೀ ಕುಡಿದು ಬರುವ ತನಕ ಕಾಯುತ್ತಿದ್ದರು. ಹಾಗೆ ಕಾಯುವವರಿಗೆ ಅವಳು ಸ್ಟೂಲು ಕೊಡುತ್ತಿರಲಿಲ್ಲ.

ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ತಂದೆ ರಹೀಂ ಸಾಹೇಬರು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳಲ್ಲಿ ದರ್ಜಿಗಳ ಹೊಲಿಗೆ ಮೆಷಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ, ಶಾಲೆಗೆ ರಜೆಯಿದ್ದ ದಿನ, ಮಗಳು ಜೊತೆಗೆ ಹೋಗಿ ಮೆಷಿನ್ನಿನ ಚಕ್ರ ತಿರುಗಿಸುತ್ತ ಕೂರುತ್ತಿದ್ದಳು. ದರ್ಜಿ ಏನೇ ದೂರು ಹೇಳಲಿ, ರಹೀಂ ಸಾಹೇಬರು ಕೂಡಲೇ ಬಿಚ್ಚುತ್ತಿರಲಿಲ್ಲ. ಚಿಂದಿ ಬಟ್ಟೆಯ ಮೇಲೆ ಹೊಲಿಯುತ್ತಲೇ ಇದ್ದು, ದಾರ ತಮ್ಮ ಕಣ್ಣೆದುರಿಗೇ ಕಡಿದುಹೋದ ಮೇಲೆ ಕೈ ಹಾಕುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಮೂರು ವರ್ಷಗಳಲ್ಲಿ ಅವಳಿಗೆ ಇಷ್ಟು ಉಪಯೋಗದ ಪಾಠ ಯಾರೂ ಹೇಳಲಿಲ್ಲ. ಅಜ್ಜಿ ಇಮಾಮ್ ಬೀಗೆ ಈ ಓದೇ ಹಿಡಿಸಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಕೈಗೆ ಮೆಹೆಂದಿ ಹಚ್ಚುವವರು ಯಾರು ಎಂದು ದಖನಿ ಉರ್ದುವಿನಲ್ಲಿ ಗೊಣಗುತ್ತಿದ್ದರು. "ಮೈಚ್ ಲಗಾಲೇತ್ಯೂಂ, ದಾದಿ" ಎಂದಿದ್ದಳು ಮೊಮ್ಮಗಳು, ನಾನೇ ಹಚ್ಚಿಕೊಳ್ಳುತ್ತೇನೆ ಎಂದು. ಅಲ್ಲಿಗೆ ಆ ಮಾತು ಮುಗಿಯಿತು.

ಆಗ ೨೦೦೬. ಲ್ಯಾಪ್‌ಟಾಪಿಗೆ ಯಾವ ಕಾಯಿಲೆ ಬಂದರೂ ಊರಿಗೆಲ್ಲ ಗೊತ್ತಿದ್ದ ಮದ್ದು ಒಂದೇ, ಫಾರ್ಮ್ಯಾಟ್ ಹೊಡೆಯುವುದು. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಮೊದಲಿನಿಂದ ತುಂಬುವುದು. ಅದಕ್ಕೆಂದೇ ಆದಿನಾರಾಯಣರ ಬಳಿ ಒಂದು ಸಿಡಿ ಇತ್ತು. ಲ್ಯಾಪ್‌ಟಾಪಿನ ಪರದೆ, ಸದ್ದು, ವೈ-ಫೈ ಒಂದೊಂದನ್ನೂ ನಡೆಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಮೂರು ವರ್ಷದ ಹಿಂದೆ ಅವರೇ ಒಂದೊಂದಾಗಿ ಹುಡುಕಿ ಅದರಲ್ಲಿ ಜೋಡಿಸಿದ್ದರು. ಬೇರೆಯವರು ಅರ್ಧ ದಿನ ಒದ್ದಾಡುವ ಕೆಲಸ ಈ ಅಂಗಡಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಆಯುಧಪೂಜೆಯ ದಿನ ಆ ಸಿಡಿಯ ಡಬ್ಬಿಗೂ ಕುಂಕುಮ ಹಚ್ಚುತ್ತಿದ್ದರು.

ಆ ವರ್ಷದ ಮಾರ್ಚಿನಲ್ಲಿ ಜಯದೇವಿಯವರು ಬಂದರು. ಗುಲ್ಬರ್ಗದ ಕಡೆಯವರು. ಕೆ.ಆರ್. ಪುರದಲ್ಲಿ ಮನೆಗಳ ನಕ್ಷೆ ತಯಾರಿಸುವ ಸಣ್ಣ ಕಚೇರಿ ಇಟ್ಟುಕೊಂಡಿದ್ದರು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟರು, ಕೈ ತೆಗೆಯಲಿಲ್ಲ.

"ಮೂರನೇ ಸಲ ಬಂದೀನ್ರೀ. ದಿನವೆಲ್ಲ ಚೊಲೋ ನಡೀತದ. ನಕ್ಷೆಗಳನ್ನ ಇದರಿಂದ ಕಚೇರಿ ಕಂಪ್ಯೂಟರಿಗೆ ವೈ-ಫೈನ್ಯಾಗ ಕಳಿಸ್ಲಿಕ್ಕೆ ಹತ್ತಿದ್ನಂದ್ರ ಐದು ನಿಮಿಷದಾಗ ನೀಲಿ ಪರದೆ. ಬಿದ್ದು ತಾನಾ ಏಳ್ತದ. ಮತ್ತ ಕಳಿಸಿದ್ರ ಮತ್ತ ಬೀಳ್ತದ."

"ವೈರಸ್ಸು ಮೇಡಂ," ಎಂದ ಮುತ್ತುರಾಜ, ತಲೆ ಎತ್ತದೆ. "ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ."

"ಹೋದ ಸಲಾನೂ ಇದನ್ನೇ ಅಂದ್ರಿ. ಹನ್ನೊಂದು ನಕ್ಷೆ ಅಳಿಸಿದ್ರಿ. ಎಲ್ಲಾ ಮತ್ತ ಕುಂತು ಬರದೀನಿ. ಈ ಸಲ ಅಳಿಸಿ ನೋಡ್ರಿ, ಇಲ್ಲೇ ಕುಂತು ನಿಮ್ಮ ಕೈಲೇ ಬರಸ್ತೀನಿ."

"ಬೀಳೋಕೆ ಶುರುವಾಗಿದ್ದು ಯಾವಾಗ?" ಎಂದು ಕೇಳಿದವಳು ಕುಲ್ಸುಂ.

ಜಯದೇವಿ ಅವಳ ಕಡೆ ತಿರುಗಿದರು. "ಮೊದಲ ಸಲ ನಿಧಾನ ಆಗ್ಯದಂತ ತಂದಿದ್ದೆ, ಅಷ್ಟೇ. ಬೀಳೋದು ನಿಮ್ಮಲ್ಲಿಂದ ಒಯ್ದ ಮ್ಯಾಲೆ."

ಈ ಮಾತನ್ನು ಅಂಗಡಿಯಲ್ಲಿ ಗಮನವಿಟ್ಟು ಕೇಳಿಸಿಕೊಂಡವಳು ಕುಲ್ಸುಂ ಒಬ್ಬಳೇ.

ಲ್ಯಾಪ್‌ಟಾಪ್ ಬಿಟ್ಟು ಅವರು ಹೋದ ಮೇಲೆ ಆದಿನಾರಾಯಣರು ಜಾಬ್ ಕಾರ್ಡನ್ನು ಅವಳ ಮುಂದೆ ತಳ್ಳಿದರು. ಯಾವ ದೋಷ, ಯಾಕೆ ಬಂತು ಎಂದು ಕಾರ್ಡಿನಲ್ಲಿ ಬರೆದು, ಪರೀಕ್ಷೆ ಮಾಡಿದವರು ಸಹಿ ಹಾಕುವುದು ಅಂಗಡಿಯ ಪದ್ಧತಿ.

"ಎರಡು ಸಲ ಫಾರ್ಮ್ಯಾಟ್ ಹೊಡೆದ್ರೂ ಬೀಳ್ತಿದೆ ಅಂದ್ರೆ ಮದರ್‌ಬೋರ್ಡೇ ಹೋಗಿದೆ. ಬಳಸಿದವರ ತಪ್ಪು ಅಂತ ಬರ್ದು ಸೈನ್ ಮಾಡಮ್ಮ."

"ನೋಡದೆ ಹೇಗೆ ಸರ್?"

"ನಾನು ಹೇಳ್ತಿದೀನಲ್ಲ."

"ಹಾಗಾದ್ರೆ ನೀವೇ ಸೈನ್ ಮಾಡಿ."

ಮುತ್ತುರಾಜ ಕೆಮ್ಮಿದ. ಆದಿನಾರಾಯಣರು ಕೆಟ್ಟವರಲ್ಲ, ಆದರೆ ಹೆಣ್ಣುಮಗಳ ಬಾಯಿಂದ ಎದುರುತ್ತರ ಕೇಳಿ ಅಭ್ಯಾಸವಿಲ್ಲದವರು. ಆದರೂ ಒಂದು ದಿನ ಕೊಟ್ಟರು: "ನಾಳೆ ಸಂಜೆ ಆಕೆ ಬರ್ತಾರೆ. ಅಷ್ಟರಲ್ಲಿ ನಿನಗೆ ಬೇರೆ ಏನಾದ್ರೂ ಸಿಕ್ಕಿದ್ರೆ ತೋರ್ಸು. ಇಲ್ಲಾಂದ್ರೆ ಇದಕ್ಕೆ ಸೈನ್ ಹಾಕು. ಅದೂ ಆಗಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೋ."

ಕುಲ್ಸುಂ ಮೊದಲು ಜಯದೇವಿಯವರ ನಕ್ಷೆಗಳನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದಿಟ್ಟಳು. ಆಮೇಲೆ ಲ್ಯಾಪ್‌ಟಾಪ್ ಬೀಳುವುದನ್ನು ತನ್ನ ಕಣ್ಣಿಂದ ನೋಡಲು ಕೂತಳು. ಅಂಗಡಿಯ ವೈ-ಫೈ ಮೂಲಕ ದೊಡ್ಡದೊಂದು ಫೋಲ್ಡರನ್ನು ಪಕ್ಕದ ಕಂಪ್ಯೂಟರಿಗೆ ಕಳಿಸಿದಳು. ನಾಲ್ಕನೆಯ ನಿಮಿಷಕ್ಕೆ ನೀಲಿ ಪರದೆ. ಅದೇ ಫೋಲ್ಡರನ್ನು ಕೇಬಲ್ ಹಾಕಿ ಕಳಿಸಿದಳು. ಕೊನೆಯ ತನಕ ಹೋಯಿತು. ಬಿಸಿಯಾಗಿ ಬೀಳುತ್ತಿದೆಯೇನೋ ಎಂದು ಟೇಬಲ್ ಫ್ಯಾನಿನ ಎದುರಿಟ್ಟಳು. ಗಾಳಿ ಬಡಿಯುತ್ತಿದ್ದರೂ ಬಿತ್ತು. ಒಳಗಿನ ಎರಡು ಮೆಮೊರಿ ತುಂಡುಗಳಲ್ಲಿ ಒಂದನ್ನು ತೆಗೆದಳು, ಬಿತ್ತು. ಅದನ್ನು ಹಾಕಿ ಇನ್ನೊಂದನ್ನು ತೆಗೆದಳು, ಆಗಲೂ ಬಿತ್ತು.

"ಯಾಕೆ ಗುರು ತಲೆ ಕೆಡಿಸ್ಕೋತೀಯ?" ಎಂದ ಮುತ್ತುರಾಜ. "ಬೋರ್ಡ್ ಅಂತ ಬರ್ದು ಬಿಸಾಕು. ಅವರೇನು ಬಿಚ್ಚಿ ನೋಡ್ತಾರಾ?"

"ಅವರು ನೋಡಲ್ಲ. ನನಗೆ ಗೊತ್ತಿರುತ್ತಲ್ಲ."

"ಬೋರ್ಡ್ ಹೋಗಿಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಹೋಗಿದ್ರೆ ಕೇಬಲ್‌ನಲ್ಲೂ ಬೀಳ್ಬೇಕಿತ್ತು. ಬೋರ್ಡಿಗೆ ವೈ-ಫೈ ಮೇಲೆ ಮಾತ್ರ ಸಿಟ್ಟಾ?"

ಮುತ್ತುರಾಜ ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡ.

ನೀಲಿ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಿ ಲ್ಯಾಪ್‌ಟಾಪ್ ತಾನೇ ಮತ್ತೆ ಶುರುವಾಗುತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ಅಂಗಡಿಯಲ್ಲಿ ಯಾರೂ ಓದಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹಾಗೆ ತಾನೇ ಮತ್ತೆ ಶುರುವಾಗುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿದಳು. ಈಗ ಬಿದ್ದಾಗ ಪರದೆ ಹಾಗೇ ನಿಂತಿತು. ಅಕ್ಷರಗಳ ನಡುವೆ ಒಂದು ಫೈಲಿನ ಹೆಸರಿತ್ತು. ಕಾಗದದ ಮೇಲೆ ಬರೆದುಕೊಂಡಳು. ಇನ್ನೂ ಎರಡು ಸಲ ಬೀಳಿಸಿದಳು. ಮೂರು ಸಲವೂ ಅದೇ ಹೆಸರು, ವೈ-ಫೈ ಡ್ರೈವರಿನದು.

ಲ್ಯಾಪ್‌ಟಾಪಿನ ಕೆಳಮೈ ಬಿಚ್ಚಿ ವೈ-ಫೈ ಕಾರ್ಡಿನ ಮೇಲೆ ಅಚ್ಚಾಗಿದ್ದ ನಂಬರ್ ನೋಡಿದಳು. ಒಳಗೆ ಕೂತಿದ್ದ ಡ್ರೈವರ್ ಆ ನಂಬರಿನದಾಗಿರಲಿಲ್ಲ. ಅದೇ ಕಂಪನಿಯ, ಅದಕ್ಕಿಂತ ಹಳೆಯ ಕಾರ್ಡಿನದು. ವೆಬ್‌ಸೈಟು ನೋಡುವಂಥ ಹಗುರ ಕೆಲಸವನ್ನು ಹೇಗೋ ತೂಗಿಸುತ್ತಿತ್ತು, ದೊಡ್ಡ ಫೈಲಿನ ಹೊರೆ ಬಿದ್ದರೆ ತಾನೂ ಬಿದ್ದು ಲ್ಯಾಪ್‌ಟಾಪನ್ನೂ ಬೀಳಿಸುತ್ತಿತ್ತು. ಎಲ್ಲಿಂದ ಬಂತು ಎಂದು ದೂರ ಹುಡುಕಬೇಕಾಗಿರಲಿಲ್ಲ. ಸಿಡಿಯನ್ನು ಹಾಕಿ ನೋಡಿದಳು. ಅದರಲ್ಲೇ ಇತ್ತು. ಪ್ರತಿ ಸಲ ಫಾರ್ಮ್ಯಾಟ್ ಹೊಡೆದಾಗಲೂ ಅಂಗಡಿಯವರು ಕಾಯಿಲೆಯನ್ನು ತಮ್ಮ ಕೈಯಾರೆ ಒಳಗಿಟ್ಟು ಕಳಿಸಿದ್ದರು.

ಸರಿಯಾದ ಡ್ರೈವರನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಹಾಕಿದಳು. ಫೋಲ್ಡರ್ ಒಂದು ಗಂಟೆ ವೈ-ಫೈಯಲ್ಲೇ ಹೋಯಿತು. ಬೀಳಲಿಲ್ಲ. ಊಟದ ಹೊತ್ತಿನಲ್ಲಿ ಮತ್ತೆ ಕಳಿಸಿದಳು, ಆಗಲೂ ಬೀಳಲಿಲ್ಲ.

ಆದಿನಾರಾಯಣರು ವೈ-ಫೈ ಕಾರ್ಡಿನ ನಂಬರ್ ನೋಡಿದರು, ಸಿಡಿಯಲ್ಲಿದ್ದದ್ದನ್ನೂ ನೋಡಿದರು. ತಿಳಿಯದ ಮನುಷ್ಯರಲ್ಲ.

"ಸರಿ ಹೋಯ್ತಲ್ಲ, ಬಿಡು. ವೈರಸ್ ಅಂತ ಬರೀ."

"ವೈರಸ್ ಇರ್ಲಿಲ್ಲ ಸರ್."

"ಇಪ್ಪತ್ತು ವರ್ಷದ ಅಂಗಡಿ ಇದು. ನಮ್ಮ ತಪ್ಪು ಅಂತ ನಾವೇ ಬರೆದು ಕೊಡ್ಬೇಕಾ?"

"ತಪ್ಪು ನಮ್ಮದಾದ್ರೆ ಇನ್ಯಾರು ಬರೀಬೇಕು?"

"ನಿನ್ನ ಸೈನ್ ಇರುತ್ತೆ ಅದರಲ್ಲಿ. ನಾಳೆ ಯಾವ ಅಂಗಡಿಯವನೂ ನಿನ್ನ ಕರ್ಕೊಳ್ಳಲ್ಲ."

ಅವಳು ಜಾಬ್ ಕಾರ್ಡಿನಲ್ಲಿ ಬರೆದಳು: ಅಂಗಡಿಯ ಸಿಡಿಯಿಂದ ತಪ್ಪು ವೈ-ಫೈ ಡ್ರೈವರ್ ಹಾಕಲಾಗಿತ್ತು, ಬದಲಾಯಿಸಿದೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ಸಂಜೆ ಜಯದೇವಿ ಬಂದರು. ತಮ್ಮ ಕಣ್ಣೆದುರಿಗೇ ಕಳಿಸಿ ತೋರಿಸಬೇಕೆಂದರು. ಕುಲ್ಸುಂ ತೋರಿಸಿದಳು. ಇಪ್ಪತ್ತು ನಿಮಿಷ ಕಳೆದರೂ ಬೀಳಲಿಲ್ಲ. ಆಮೇಲೆ ಅವರು ಕಾರ್ಡನ್ನು ಓದಿದರು. ಮೆಚ್ಚುಗೆಯ ಮಾತು ಬರುತ್ತದೆಂದು ಅವಳು ಕಾದಿರಲಿಲ್ಲ, ಬರಲೂ ಇಲ್ಲ.

"ಅಂದ್ರ ನನ್ನ ಹನ್ನೊಂದು ನಕ್ಷೆ ನಿಮ್ಮ ತಪ್ಪಿಗೆ ಹೋದ್ವು."

"ಹೌದು ಮೇಡಂ."

"ಈಗ ಇದನ್ನ ಹೇಳ್ಲಿಕ್ಕೆ ನಾಚಿಕಿ ಆಗೂದಿಲ್ಲೇನು?"

"ಆಗುತ್ತೆ. ಅದಕ್ಕೇ ಬರೆದಿದೀನಿ."

ಜಯದೇವಿ ಕಾರ್ಡಿನ ತಮ್ಮ ಪ್ರತಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಹೋದರು.

"ಸಮಾಧಾನ ಆಯ್ತಾ?" ಎಂದರು ಆದಿನಾರಾಯಣರು. "ನಾಳೆಯಿಂದ ಬರಬೇಡ."

ಅವಳು ಮರುದಿನ ಹತ್ತು ಗಂಟೆಗೆ ಎಂದಿನಂತೆ ಬಂದಳು. ಬುರ್ಖಾದ ತೋಳನ್ನು ಮಡಿಸಿಕೊಂಡು, ರಿಪೇರಿಗೆ ಬಂದದ್ದನ್ನೆಲ್ಲ ಬರೆದಿಡುವ ಸರ್ವಿಸ್ ಪುಸ್ತಕ ತೆಗೆದು, ಅದೇ ಸಿಡಿಯಿಂದ ಫಾರ್ಮ್ಯಾಟ್ ಹೊಡೆದಿದ್ದ, ಜಯದೇವಿಯವರದ್ದೇ ಮಾದರಿಯ ಲ್ಯಾಪ್‌ಟಾಪುಗಳಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದಳು. ಒಂಬತ್ತು ಇದ್ದವು. ಆದಿನಾರಾಯಣರು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದವರು ತಿರುಗಿ ನೋಡಿದರು.

"ಬರಬೇಡ ಅಂದಿದ್ದೆ."

"ಒಂಬತ್ತು ಜನರ ಮನೇಲಿ ಬೀಳ್ತಾ ಇದೆ ಸರ್. ಅದು ಮುಗೀಲಿ. ಆಮೇಲೆ ಬೇಕಾದ್ರೆ ಕಳ್ಸಿ."

ಅವಳು ಅಂಗಡಿಯ ಫೋನೆತ್ತಿ ಮೊದಲ ನಂಬರ್ ಒತ್ತಿದಳು. "ನಮಸ್ಕಾರ, ಹಲಸೂರಿನ ಕಂಪ್ಯೂಟರ್ ಅಂಗಡಿಯಿಂದ. ನಿಮ್ಮ ಲ್ಯಾಪ್‌ಟಾಪಿಗೆ ನಮ್ಮಿಂದ ಒಂದು ತಪ್ಪಾಗಿದೆ, ತಂದ್ಕೊಡಿ, ಸರಿ ಮಾಡ್ಕೊಡ್ತೀವಿ." ಆ ಕಡೆಯವರು ಏನೋ ಬೈದರು. ಪೂರ್ತಿ ಬೈಯುವ ತನಕ ಕೇಳಿಸಿಕೊಂಡು, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿ ಬರೆದುಕೊಂಡಳು. ಎರಡನೆಯವರೂ ಬೈದರು. ಮೂರನೆಯ ನಂಬರಿಗೆ ಕರೆ ಹೋಗಲಿಲ್ಲ. ಮತ್ತೆ ಒತ್ತಿದಳು, ಆಗಲೂ ಹೋಗಲಿಲ್ಲ.

ಆದಿನಾರಾಯಣರು ಬಗ್ಗಿ ಪುಸ್ತಕದಲ್ಲಿದ್ದ ಮೂರನೆಯ ಹೆಸರು ನೋಡಿ, ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದರು. "ಶಿವಶಂಕರಪ್ಪನವರು ಮನೆ ಬದಲಾಯಿಸಿದಾರೆ. ಇದು ಹೊಸ ನಂಬರು," ಎಂದರು. "ಸ್ವಲ್ಪ ಮೆತ್ತಗೆ ಮಾತಾಡು. ಅವರಿಗೆ ಬಿಪಿ."